ಹೆದರಿಕೆಯಿಲ್ಲದ ಕೆಲಸದ ಮನೆ

ಬೆಳಿಗ್ಗೆ ಏಳು ಗಂಟೆಗೆ ತರೀಕೆರೆಯ ಬಸ್ ನಿಲ್ದಾಣದಲ್ಲಿ ಐದು ನಿಮಿಷ ನಿಂತು ನೋಡಿ. ಟಿಫಿನ್ ಡಬ್ಬಿಯನ್ನು ಬ್ಯಾಗಿಗೆ ತುರುಕಿಕೊಂಡು ಶಿವಮೊಗ್ಗದ ಕಡೆಯ ಗಾರ್ಮೆಂಟ್ಸ್‌ಗೆ ಹೊರಟ ಹುಡುಗಿಯರು, ಕಡೂರು-ಬೀರೂರಿನ ಶಾಲೆಗಳಿಗೆ ಓಡುವ ಶಿಕ್ಷಕಿಯರು, ರಾತ್ರಿ ಪಾಳಿ ಮುಗಿಸಿ ಮನೆಗೆ ಮರಳುವ ನರ್ಸ್. ತರೀಕೆರೆಯಿಂದ ಬೇರೆಯಾಗಿ ತಾಲೂಕಾದ ಅಜ್ಜಂಪುರದ ಕಡೆ ಈರುಳ್ಳಿ ಕಾಲ ಬಂದರೆ ಗಡ್ಡೆ ಕೊಯ್ದು ಹಸನು ಮಾಡುವ ಹೆಣ್ಣಾಳುಗಳು. ಅಡಿಕೆ ಕೊಯ್ಲು ಶುರುವಾದರೆ ರಾತ್ರಿ ಹತ್ತಾದರೂ ಸುಲಿಯುತ್ತ ಕೂತ ತಾಯಂದಿರು. ದುಡಿಯುವ ಹೆಣ್ಣು ಈಗ ನಮ್ಮ ಊರುಗಳಿಗೆ ಹೊಸತಲ್ಲ. ನಮ್ಮ ಸಮುದಾಯಕ್ಕೂ ಹೊಸತಲ್ಲ.

ಸಂಜೆ ಅವರು ಮನೆಗೆ ಬಂದಾಗ ನಾವು ಏನು ಕೇಳುತ್ತೇವೆ? "ಸಂಬಳ ಆಯ್ತಾ?" "ಬಸ್ ಸಿಕ್ತಾ?" "ಊಟ ಮಾಡಿದ್ಯಾ?" ಇಷ್ಟೇ. "ಅಲ್ಲಿ ನಿನ್ನ ಜೊತೆ ಹೇಗೆ ಮಾತಾಡ್ತಾರೆ? ಏನಾದರೂ ತೊಂದರೆ ಆದರೆ ಹೇಳೋಕೆ ಯಾರಾದರೂ ಇದ್ದಾರಾ?" ಎಂದು ಕೇಳುವ ತಾಯಿ, ಅತ್ತೆ, ಅಕ್ಕ ಎಷ್ಟು ಮಂದಿ? ಈ ಪ್ರಶ್ನೆ ಕೇಳದೆ ಬಿಟ್ಟದ್ದರಿಂದಲೇ ಎಷ್ಟೋ ಹೆಣ್ಣುಮಕ್ಕಳು ನೋವನ್ನು ನುಂಗಿಕೊಂಡು ಒಂದು ದಿನ ಇದ್ದಕ್ಕಿದ್ದಂತೆ "ಇನ್ನು ನಾನು ಕೆಲಸಕ್ಕೆ ಹೋಗಲ್ಲ" ಎಂದುಬಿಡುತ್ತಾರೆ. ಮನೆಯವರಿಗೆ ಕಾರಣವೇ ತಿಳಿಯುವುದಿಲ್ಲ.

ಕೆಲಸದ ಜಾಗ ಆರೋಗ್ಯವಾಗಿದೆಯೋ ಇಲ್ಲವೋ ಎಂಬುದು ಅಲ್ಲಿನ ಕಟ್ಟಡ, ಫ್ಯಾನು, ಕುರ್ಚಿಗಳಿಂದಷ್ಟೇ ತಿಳಿಯುವುದಿಲ್ಲ. ಅಲ್ಲಿ ಮೇಲೆ ಇರುವವರ ದಿನನಿತ್ಯದ ಅಭ್ಯಾಸಗಳಿಂದ ತಿಳಿಯುತ್ತದೆ. ಮೇಲೆ ಇರುವವರು ಎಂದರೆ ದೊಡ್ಡ ಕಂಪನಿಯ ಸಾಹೇಬರೇ ಆಗಬೇಕಿಲ್ಲ. ಮೇಸ್ತ್ರಿ, ಸೂಪರ್‌ವೈಸರ್, ಮುಖ್ಯೋಪಾಧ್ಯಾಯಿನಿ, ಸ್ವಸಹಾಯ ಸಂಘದ ಪ್ರತಿನಿಧಿ, ಬಿಸಿಯೂಟದ ಮುಖ್ಯ ಅಡುಗೆಯವರು, ಮೂವರು ಹುಡುಗಿಯರನ್ನು ಇಟ್ಟುಕೊಂಡು ಟೈಲರಿಂಗ್ ನಡೆಸುವ ಆಪಾ, ಇವರೆಲ್ಲರೂ ಮುಂದಾಳುಗಳೇ.

ಎರಡು ಅಡಿಕೆ ಮನೆಗಳು

ಒಂದು ಚಿತ್ರವನ್ನು ಊಹಿಸಿಕೊಳ್ಳೋಣ. ಒಂದೇ ಊರು, ಅಕ್ಕಪಕ್ಕದಲ್ಲಿ ಎರಡು ಅಡಿಕೆ ಮನೆಗಳು. ಎರಡರಲ್ಲೂ ಹದಿನೈದು ಹೆಂಗಸರು ಕತ್ತಿಯ ಮುಂದೆ ಕೂತು ಹಸಿ ಅಡಿಕೆ ಸುಲಿಯುತ್ತಿದ್ದಾರೆ. ಕೂಲಿ ಒಂದೇ, ಕೆಲಸ ಒಂದೇ, ಬೆರಳಿಗೆ ಹತ್ತುವ ಕಪ್ಪು ಕಲೆಯೂ ಒಂದೇ.

ಮೊದಲನೇ ಮನೆಯಲ್ಲಿ ಒಬ್ಬಾಕೆ ಬೆರಳು ಕೊಯ್ದುಕೊಂಡಳು. "ಕಣ್ಣು ಎಲ್ಲಿಟ್ಟಿದ್ದೆ?" ಎಂದು ಮೇಸ್ತ್ರಿ ಎಲ್ಲರ ಮುಂದೆ ಗದರಿದ. ಮಾರನೇ ದಿನ ಇನ್ನೊಬ್ಬಾಕೆಗೆ ಗಾಯವಾದಾಗ ಅವಳು ಸೆರಗಿನಲ್ಲಿ ಬೆರಳು ಸುತ್ತಿಕೊಂಡು ಸುಮ್ಮನಾದಳು. ಸಂಜೆಗೆ ಗಾಯ ಊದಿತ್ತು, ಒಂದು ವಾರ ಕೆಲಸ ಹೋಯಿತು. ಕತ್ತಿಯ ಹಿಡಿ ಸಡಿಲವಾಗಿದೆ ಎಂಬ ಸಂಗತಿ ಮೇಸ್ತ್ರಿಗೆ ಕೊನೆಗೂ ತಿಳಿಯಲಿಲ್ಲ.

ಎರಡನೇ ಮನೆಯಲ್ಲಿಯೂ ಬೆರಳು ಕೊಯ್ಯಿತು. ಅಲ್ಲಿನ ಮೇಸ್ತ್ರಿ ಮೊದಲು ನೀರು, ಬಟ್ಟೆ ತರಿಸಿದ. ಆಮೇಲೆ "ಹೇಗಾಯ್ತಮ್ಮಾ?" ಎಂದು ಕೇಳಿದ. "ಕತ್ತಿ ಅಲ್ಲಾಡುತ್ತೆ ಅಣ್ಣಾ" ಎಂದಳು ಆಕೆ. ಅವತ್ತೇ ಎಲ್ಲ ಕತ್ತಿಗಳನ್ನೂ ಬಿಗಿ ಮಾಡಿಸಿದರು. ಆ ಮನೆಯಲ್ಲಿ ಮುಂದೆ ಗಾಯಗಳು ಕಡಿಮೆಯಾದವು.

ಎರಡೂ ಮನೆಗಳ ನಡುವಿನ ವ್ಯತ್ಯಾಸ ಹಣದ್ದಲ್ಲ. ಒಂದು ಕಡೆ ಹೇಳಿದರೆ ಬೈಗುಳ, ಇನ್ನೊಂದು ಕಡೆ ಹೇಳಿದರೆ ಪರಿಹಾರ, ಅಷ್ಟೇ.

ತಪ್ಪು ಹೇಳಿಕೊಂಡವರನ್ನು ಹೆದರಿಸಬೇಡಿ

ಇದು ಬರೀ ನಮ್ಮ ಊರಿನ ಅನುಭವದ ಮಾತಲ್ಲ. ಅಮೆರಿಕದ ಏಮಿ ಎಡ್ಮಂಡ್‌ಸನ್ ಎಂಬ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳ ಬಗ್ಗೆ ಅಧ್ಯಯನ ನಡೆಸಿದರು. ಒಳ್ಳೆಯ ನರ್ಸ್ ಮೇಲ್ವಿಚಾರಕಿ ಇರುವ ತಂಡಗಳಲ್ಲಿ ತಪ್ಪುಗಳು ಕಡಿಮೆ ಇರಬೇಕೆಂದು ಅವರು ಎಣಿಸಿದ್ದರು. ಲೆಕ್ಕ ನೋಡಿದರೆ ಉಲ್ಟಾ ಬಂತು. ಒಳ್ಳೆಯ ತಂಡಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವು! ವಿಚಾರಿಸಿದಾಗ ಗುಟ್ಟು ತಿಳಿಯಿತು. ಅಲ್ಲಿನ ನರ್ಸ್‌ಗಳು ಹೆಚ್ಚು ತಪ್ಪು ಮಾಡುತ್ತಿರಲಿಲ್ಲ. ಮಾಡಿದ ತಪ್ಪನ್ನು ಹೆದರದೆ ಹೇಳಿಕೊಳ್ಳುತ್ತಿದ್ದರು. ಬೇರೆ ತಂಡಗಳಲ್ಲಿ ತಪ್ಪುಗಳು ಮುಚ್ಚಿಹೋಗುತ್ತಿದ್ದವು.

ಮುಂದೆ ಗೂಗಲ್ ಕಂಪನಿ 2012ರಲ್ಲಿ ಆರಂಭಿಸಿ ತನ್ನ ಸುಮಾರು 180 ತಂಡಗಳನ್ನು ಪರಿಶೀಲಿಸಿ, ಒಂದು ತಂಡ ಚೆನ್ನಾಗಿ ಕೆಲಸ ಮಾಡಲು ಏನು ಬೇಕು ಎಂದು ಹುಡುಕಿತು. ಬುದ್ಧಿವಂತರನ್ನು ಒಂದೆಡೆ ಕೂರಿಸುವುದಕ್ಕಿಂತ, ತಂಡದೊಳಗೆ ನಗೆಪಾಟಲಾಗುವ ಹೆದರಿಕೆಯಿಲ್ಲದೆ ಮಾತಾಡುವ ವಾತಾವರಣ ಇರುವುದೇ ಎಲ್ಲಕ್ಕಿಂತ ಮುಖ್ಯ ಎಂದು ಅದು ಕಂಡುಕೊಂಡಿತು.

ಹಾಗೆಂದು ತಪ್ಪನ್ನು ತಿದ್ದಬಾರದೆಂದಲ್ಲ. ತಿದ್ದಬೇಕು. ಆದರೆ ಒಬ್ಬರನ್ನೇ ಪಕ್ಕಕ್ಕೆ ಕರೆದು ಹೇಳಬೇಕು. ಹೊಗಳುವುದಿದ್ದರೆ ಎಲ್ಲರ ಮುಂದೆ ಹೊಗಳಬೇಕು. ನಮ್ಮಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ತಿರುವು ಮುರುವು. ಬೈಯುವುದು ಹತ್ತು ಜನರ ಮುಂದೆ. ಮೆಚ್ಚುಗೆ ಮಾತ್ರ ಮನಸ್ಸಿನೊಳಗೆ.

ಕೂಲಿ ಹೇಳಿದ ದಿನ, ಹೇಳಿದಷ್ಟು

"ನಾವೆಲ್ಲ ಒಂದೇ ಮನೆಯವರ ಹಾಗೆ." ಈ ಮಾತು ಕೇಳಲು ಬಹಳ ಚೆಂದ. ಆದರೆ ಈ ಮಾತನ್ನು ಯಾವಾಗ ಹೇಳುತ್ತಾರೆಂಬುದನ್ನು ಗಮನಿಸಿ. ಸಂಬಳ ತಡವಾದಾಗ, ಭಾನುವಾರ ಕೆಲಸಕ್ಕೆ ಬಾ ಎನ್ನುವಾಗ, ಹೆಚ್ಚುವರಿ ಎರಡು ಗಂಟೆಗೆ ದುಡ್ಡು ಕೊಡದಿರುವಾಗ. ಮನೆಯವರೆಂದು ಕರೆದು ಹಕ್ಕನ್ನು ಮರೆಸುವುದು ಪ್ರೀತಿಯಲ್ಲ. ನಿಜವಾಗಿ ಮನೆಯವರೆಂದು ಭಾವಿಸಿದವರು ಮೊದಲು ಕೈಗೆ ಕೂಲಿ ಇಡುತ್ತಾರೆ, ಆಮೇಲೆ ಪ್ರೀತಿಯ ಮಾತಾಡುತ್ತಾರೆ. ದುಡಿದವನ ಬೆವರು ಆರುವ ಮುನ್ನ ಅವನ ಕೂಲಿ ಕೊಡಬೇಕೆಂಬ ಪ್ರವಾದಿ ವಚನವನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿದ್ದೇವೆ. ಅದನ್ನು ಗೋಡೆಗೆ ತೂಗುಹಾಕಿದರೆ ಸಾಲದು, ಲೆಕ್ಕದ ಪುಸ್ತಕದಲ್ಲೂ ಕಾಣಬೇಕು.

ಲಿಜ್ಜತ್ ಪಾಪಡ್ ಹೆಸರು ಕೇಳದ ಗೃಹಿಣಿ ಇಲ್ಲ. 1959ರ ಮಾರ್ಚ್ 15ರಂದು ಮುಂಬಯಿಯ ಗಿರ್‌ಗಾಂವ್‌ನಲ್ಲಿ ಏಳು ಮಂದಿ ಮಹಿಳೆಯರು 80 ರೂಪಾಯಿ ಸಾಲ ಪಡೆದು ಮಹಡಿಯ ಮೇಲೆ ಹಪ್ಪಳ ಒತ್ತಲು ಕೂತರು. ಅದು ಮುಂದೆ ಸಾವಿರಾರು ಹೆಂಗಸರ ಸಂಸ್ಥೆಯಾಯಿತು. ಅಲ್ಲಿ ಒಡತಿ, ಆಳು ಎಂಬ ಭೇದವಿಲ್ಲ. ಒತ್ತುವವರೆಲ್ಲರೂ ಪಾಲುದಾರರು, ಒಬ್ಬರನ್ನೊಬ್ಬರು ಸಹೋದರಿ ಎಂದೇ ಕರೆಯುತ್ತಾರೆ. ಹಿಟ್ಟು ಒಯ್ದವಳು ಮನೆಯಲ್ಲಿ ಒತ್ತಿ ಒಣಗಿಸಿ ತಂದ ಹಪ್ಪಳಕ್ಕೆ ತೂಕ ನೋಡಿ, ಗುಣಮಟ್ಟ ನೋಡಿ ಕೂಲಿ. "ಸಹೋದರಿ" ಎಂಬ ಕರೆಗೆ ಅಲ್ಲಿ ಲೆಕ್ಕದ ಬೆಂಬಲವಿದೆ. ಆದ್ದರಿಂದಲೇ ಆ ಕರೆಗೆ ಬೆಲೆ ಇದೆ.

ನಮ್ಮ ಟೈಲರಿಂಗ್ ಆಪಾಗಳೂ ಇದನ್ನು ಮಾಡಬಹುದು. ಒಂದು ಚಿಕ್ಕ ನೋಟ್‌ಬುಕ್. ಯಾರು ಎಷ್ಟು ಬ್ಲೌಸ್ ಹೊಲಿದರು, ಎಷ್ಟು ಮುಂಗಡ ಪಡೆದರು, ಎಷ್ಟು ಬಾಕಿ. ವಾರಕ್ಕೊಮ್ಮೆ ಓದಿ ಹೇಳಿ, ಇಬ್ಬರೂ ಸಹಿ ಹಾಕಿದರೆ ಮುಗಿಯಿತು. ಅರ್ಧ ಜಗಳಗಳು ಹುಟ್ಟುವ ಮೊದಲೇ ಸಾಯುತ್ತವೆ.

ತೀರ್ಮಾನಿಸುವ ಮುನ್ನ ಕೇಳಿ

2016ರ ಏಪ್ರಿಲ್ ತಿಂಗಳು ನೆನಪಿದೆಯೇ? ಬೆಂಗಳೂರಿನ ರಸ್ತೆಗಳಿಗೆ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇಳಿದಿದ್ದರು. ದೊಡ್ಡ ನಾಯಕರು ಕರೆ ಕೊಟ್ಟದ್ದಲ್ಲ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟುವ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ಸುದ್ದಿ ಹಬ್ಬಿತ್ತು. ಮಗಳ ಮದುವೆಗೆ, ಮನೆ ರಿಪೇರಿಗೆ, ಕೆಲಸ ಬಿಟ್ಟು ಊರಿಗೆ ಮರಳುವ ದಿನಕ್ಕೆ ಆ ದುಡ್ಡನ್ನೇ ನಂಬಿದ್ದವರು ಅವರು. ಪ್ರತಿಭಟನೆ ಎರಡು ದಿನ ನಡೆಯಿತು. ಕಲ್ಲು ತೂರಾಟ, ಲಾಠಿ, ಸುಟ್ಟ ಬಸ್ಸುಗಳನ್ನೂ ನಗರ ಕಂಡಿತು. ಏಪ್ರಿಲ್ 19ರಂದು ಕೇಂದ್ರ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಇದರಿಂದ ನಾವು ಕಲಿಯಬೇಕಾದದ್ದೇನು? ಯಾರ ಬದುಕಿನ ಬಗ್ಗೆ ತೀರ್ಮಾನಿಸುತ್ತೇವೋ ಅವರನ್ನು ಒಂದು ಮಾತು ಕೇಳದಿದ್ದರೆ, ಅವರ ಮಾತು ಬೀದಿಯಲ್ಲಿ ಕೇಳಿಸುತ್ತದೆ. ದೊಡ್ಡ ಸರಕಾರಕ್ಕೆ ಅನ್ವಯಿಸುವ ಪಾಠ ಸಣ್ಣ ಶಾಲೆಗೂ ಅನ್ವಯಿಸುತ್ತದೆ. ಪಾಳಿ ಬದಲಿಸುವ ಮುನ್ನ, ಊಟದ ಬಿಡುವನ್ನು ಕತ್ತರಿಸುವ ಮುನ್ನ, ಹೊಸ ಕೆಲಸ ಹೊರಿಸುವ ಮುನ್ನ "ನಿಮಗೆ ಇದರಿಂದ ಏನು ತೊಂದರೆ?" ಎಂದು ಕೇಳಿ. ಕೊನೆಯ ಬಸ್ ಆರೂವರೆಗೆ ಹೋಗಿಬಿಡುತ್ತದೆ ಎಂಬ ಸಂಗತಿ ಕಾರಿನಲ್ಲಿ ಬರುವ ಮುಖ್ಯಸ್ಥರಿಗೆ ಹೇಗೆ ಗೊತ್ತಾಗಬೇಕು?

ಕೇಳಲು ನಾಚುವ ಸಂಗತಿಗಳೂ ಇವೆ. ಅದರಲ್ಲಿ ಮೊದಲನೆಯದು ಶೌಚಾಲಯ. ಸರಿಯಾದ ಶೌಚಾಲಯವಿಲ್ಲದ ಕಡೆ ಹೆಂಗಸರು ಬೆಳಗಿನಿಂದ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆಮೇಲೆ ಉರಿಮೂತ್ರ, ತಲೆನೋವು, ಆಸ್ಪತ್ರೆ. ಬಾಯಿಬಿಟ್ಟು ಹೇಳಲು ಮಾತ್ರ ಸಂಕೋಚ. ಮುಂದಾಳಾದವರು ಯಾರಾದರೂ ದೂರು ಕೊಡಲಿ ಎಂದು ಕಾಯದೆ ವಾರಕ್ಕೊಮ್ಮೆ ತಾವೇ ಹೋಗಿ ಬಾಗಿಲಿಗೆ ಚಿಲಕವಿದೆಯೇ, ನೀರಿದೆಯೇ ಎಂದು ನೋಡಿದರೆ ಸಾಕು, ನೂರು ಭಾಷಣಕ್ಕಿಂತ ಹೆಚ್ಚಿನ ಕೆಲಸವಾಗುತ್ತದೆ.

ವಿದ್ಯೆಯನ್ನು ಬಚ್ಚಿಡಬೇಡಿ

ತರೀಕೆರೆಯವರಿಗೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಕಥೆ ಹೊಸದಲ್ಲ. ಕೆಮ್ಮಣ್ಣುಗುಂಡಿಯ ಅದಿರು ಇಳಿದು ಹೋಗುತ್ತಿದ್ದದ್ದು ಅಲ್ಲಿಗೇ. ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿ ನಷ್ಟದಲ್ಲಿದ್ದಾಗ ಸರ್ ಎಂ. ವಿಶ್ವೇಶ್ವರಯ್ಯನವರು ಅದರ ಮಂಡಳಿಯ ಅಧ್ಯಕ್ಷತೆ ವಹಿಸಿಕೊಂಡು 1929ರವರೆಗೆ ನಡೆಸಿದರು. ಹೊರದೇಶದ ತಜ್ಞರನ್ನೇ ನೆಚ್ಚಿಕೊಳ್ಳದೆ ನಮ್ಮವರನ್ನು ತರಬೇತಿಗೊಳಿಸಿ ಹೊಣೆ ವಹಿಸಿದ್ದು ಅವರ ಮುಖ್ಯ ಕ್ರಮಗಳಲ್ಲಿ ಒಂದು. ಆ ಸೇವೆಗಾಗಿ ತಮಗೆ ಸಲ್ಲಬೇಕಿದ್ದ ಸಂಭಾವನೆಯನ್ನು ಯುವಕರಿಗೆ ಕೈಕಸುಬು ಕಲಿಸುವ ಸಂಸ್ಥೆಗೆ ಬಳಸುವಂತೆ ಅವರು ಸೂಚಿಸಿದರು. ಬೆಂಗಳೂರಿನ ಜಯಚಾಮರಾಜೇಂದ್ರ ತಾಂತ್ರಿಕ ಸಂಸ್ಥೆ ಹುಟ್ಟಿದ್ದು ಹೀಗೆ.

ನಾನಿಲ್ಲದಿದ್ದರೆ ಇಲ್ಲಿ ಏನೂ ನಡೆಯಬಾರದು ಎಂದು ಬಯಸುವವರು ಒಡೆಯರು. ನಾನಿಲ್ಲದ ದಿನವೂ ಇಲ್ಲಿ ಎಲ್ಲ ನಡೆಯಬೇಕು ಎಂದು ಬಯಸುವವರು ಮುಂದಾಳುಗಳು.

ನಮ್ಮ ಸ್ವಸಹಾಯ ಸಂಘಗಳನ್ನೇ ನೋಡಿ. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದ ಮೇಲೆ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಹದಿನೈದು-ಇಪ್ಪತ್ತು ಮಂದಿ ಹೆಂಗಸರ ಗುಂಪುಗಳು ಹುಟ್ಟಿದವು. ಎಷ್ಟೋ ಗುಂಪುಗಳು ಗಟ್ಟಿಯಾಗಿ ನಿಂತಿವೆ, ಎಷ್ಟೋ ಮುರಿದುಬಿದ್ದಿವೆ. ಮುರಿದುಬಿದ್ದ ಕಡೆ ವಿಚಾರಿಸಿ ನೋಡಿ. ಪಾಸ್‌ಬುಕ್ ಒಬ್ಬರ ಬೀರುವಿನಲ್ಲೇ ಇತ್ತು, ಬ್ಯಾಂಕಿಗೆ ಅವರೊಬ್ಬರೇ ಹೋಗುತ್ತಿದ್ದರು, ಉಳಿದವರು ಸಹಿ ಮಾತ್ರ ಹಾಕುತ್ತಿದ್ದರು ಎಂಬ ಮಾತು ಬರುತ್ತದೆ. ಅಲ್ಲಿ ಮೋಸವೇ ಆಗಿರಬೇಕೆಂದಿಲ್ಲ. ಒಬ್ಬರ ಮೇಲೆ ಎಲ್ಲ ಭಾರ, ಉಳಿದವರಿಗೆ ಎಲ್ಲ ಅನುಮಾನ, ಇಷ್ಟೇ ಸಾಕು ಸಂಘ ಮುರಿಯಲು. ಪ್ರತಿ ಸಭೆಯಲ್ಲಿ ಲೆಕ್ಕ ಗಟ್ಟಿಯಾಗಿ ಓದುವುದು, ಬ್ಯಾಂಕಿಗೆ ಹೋಗುವಾಗ ಪ್ರತಿಸಲ ಹೊಸ ಸದಸ್ಯೆಯನ್ನು ಕರೆದೊಯ್ಯುವುದು, ಪ್ರತಿನಿಧಿಯನ್ನು ಕಾಲಕಾಲಕ್ಕೆ ಬದಲಿಸುವುದು ಸುಲಭದ ಅಭ್ಯಾಸಗಳು. ಇವು ಸಂಘದ ಜೊತೆಗೆ ಸ್ನೇಹವನ್ನೂ ಉಳಿಸುತ್ತವೆ.

ಮರ್ಯಾದೆಗೆ ಕಾನೂನಿನ ಕಾವಲು

ಹೆಣ್ಣುಮಗಳು ದುಡಿಯಲು ಹೋಗುವಾಗ ಮನೆಯವರಿಗೆ ಇರುವ ದೊಡ್ಡ ಆತಂಕ ಅವಳ ಮಾನದ್ದು. ಈ ಆತಂಕಕ್ಕೆ ನಾವು ಸಾಮಾನ್ಯವಾಗಿ ಕೊಡುವ ಪರಿಹಾರ "ಕೆಲಸ ಬಿಡು" ಎಂಬುದು. ತಪ್ಪು ಮಾಡಿದವನು ಅಲ್ಲೇ ಇರುತ್ತಾನೆ, ಅನ್ನ ಕಳೆದುಕೊಂಡವಳು ಮಾತ್ರ ಮನೆಗೆ ಬರುತ್ತಾಳೆ. ಇದು ನ್ಯಾಯವೇ?

ರಾಜಸ್ತಾನದಲ್ಲಿ ಸರಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದ ಕಾರ್ಯಕರ್ತೆಯಾಗಿದ್ದ ಭಂವರಿ ದೇವಿ ಬಾಲ್ಯವಿವಾಹ ತಡೆಯಲು ಹೋದದ್ದಕ್ಕೆ 1992ರಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಗುರಿಯಾದರು. ಅವರು ಬಾಯಿ ಮುಚ್ಚಿ ಕೂರಲಿಲ್ಲ. ಆ ಪ್ರಕರಣದ ಹಿನ್ನೆಲೆಯಲ್ಲಿ ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದವು. 1997ರಲ್ಲಿ ವಿಶಾಖಾ ತೀರ್ಪು ಬಂತು. 2013ರಲ್ಲಿ ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾಯಿದೆ ಬಂತು.

ಈ ಕಾಯಿದೆಯ ಕೆಲವು ಅಂಶಗಳನ್ನು ಪ್ರತಿ ಮನೆಯ ತಾಯಿ, ಮಗಳು ತಿಳಿದಿರಬೇಕು. ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು. ಅದರ ಅಧ್ಯಕ್ಷೆ ಹಿರಿಯ ಮಹಿಳಾ ಉದ್ಯೋಗಿಯಾಗಿರಬೇಕು, ಸದಸ್ಯರಲ್ಲಿ ಕನಿಷ್ಠ ಅರ್ಧ ಮಹಿಳೆಯರಿರಬೇಕು, ಹೊರಗಿನವರೊಬ್ಬರು ಇರಬೇಕು. ಹತ್ತಕ್ಕಿಂತ ಕಡಿಮೆ ಜನರಿದ್ದರೆ ಅಥವಾ ಮಾಲೀಕನ ಮೇಲೆಯೇ ದೂರಿದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಘಟನೆ ನಡೆದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ತಕ್ಕ ಕಾರಣವಿದ್ದರೆ ಸಮಿತಿ ಇನ್ನೂ ಮೂರು ತಿಂಗಳು ಅವಕಾಶ ಕೊಡಬಹುದು. ವಿಚಾರಣೆ 90 ದಿನಗಳಲ್ಲಿ ಮುಗಿಯಬೇಕು. ಸಮಿತಿ ರಚಿಸದ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡವಿದೆ.

ಹಾಗೆಯೇ 2017ರ ತಿದ್ದುಪಡಿಯ ನಂತರ, ಹೆರಿಗೆ ಸೌಲಭ್ಯ ಅನ್ವಯಿಸುವ ಸಂಸ್ಥೆಗಳಲ್ಲಿ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ವೇತನಸಹಿತ ರಜೆಯಿದೆ. ಐವತ್ತು ಅಥವಾ ಹೆಚ್ಚು ಉದ್ಯೋಗಿಗಳಿರುವ ಕಡೆ ಶಿಶುಪಾಲನಾ ಕೇಂದ್ರವೂ ಇರಬೇಕು.

ಆದರೆ ಕಾಗದದ ಮೇಲಿನ ಸಮಿತಿಯಿಂದ ಪ್ರಯೋಜನವಿಲ್ಲ. ಸದಸ್ಯರ ಹೆಸರನ್ನು ಗೋಡೆಗೆ ಬರೆಸಿ, ಹೊಸದಾಗಿ ಸೇರಿದ ಹುಡುಗಿಗೆ ಮೊದಲ ದಿನವೇ "ಏನೇ ಆದರೂ ಇವರ ಹತ್ತಿರ ಹೇಳು" ಎಂದು ಪರಿಚಯಿಸುವ ಮುಖ್ಯಸ್ಥರಿದ್ದರೆ ಮಾತ್ರ ಕಾನೂನಿಗೆ ಜೀವ ಬರುತ್ತದೆ.

ನಮ್ಮ ಮನೆಯೂ ಒಬ್ಬರ ಕೆಲಸದ ಜಾಗ

ಸಹೋದರಿಯರೇ, ಇಲ್ಲಿವರೆಗೆ ಓದಿ "ಇದೆಲ್ಲ ಮೇಸ್ತ್ರಿಗಳಿಗೆ, ಮಾಲೀಕರಿಗೆ ಹೇಳಬೇಕಾದ ಮಾತು, ನಮಗಲ್ಲ" ಎಂದುಕೊಂಡಿರಾ? ಹಾಗಾದರೆ ಒಂದು ಕ್ಷಣ ನಿಮ್ಮ ಅಡುಗೆಮನೆಯ ಕಡೆ ತಿರುಗಿ ನೋಡಿ. ಬೆಳಿಗ್ಗೆ ಪಾತ್ರೆ ತೊಳೆಯಲು ಬರುವ ಆಕೆಗೆ ನಿಮ್ಮ ಮನೆಯೇ ಕೆಲಸದ ಜಾಗ. ಅಲ್ಲಿನ ಮುಂದಾಳು ನೀವೇ. 2013ರ ಕಾಯಿದೆ ಕೂಡ ಮನೆಗೆಲಸದವರು ದುಡಿಯುವ ಮನೆಯನ್ನು ಕೆಲಸದ ಸ್ಥಳವೆಂದೇ ಕರೆದಿದೆ.

ಈಗ ಹೊರಗಿನವರನ್ನು ಅಳೆದ ಅಳತೆಗೋಲನ್ನೇ ನಮ್ಮ ಮನೆಗೆ ಹಿಡಿಯೋಣ. ಗಾಜಿನ ಲೋಟ ಒಡೆದಾಗ ಆಕೆ ನಮಗೆ ಹೇಳುತ್ತಾಳೋ, ಚೂರುಗಳನ್ನು ಸದ್ದಿಲ್ಲದೆ ಕಸದ ಬುಟ್ಟಿಯ ತಳಕ್ಕೆ ಸೇರಿಸುತ್ತಾಳೋ? ಸಂಬಳದ ದಿನ ಆಕೆಯೇ ಬಾಗಿಲಲ್ಲಿ ನಿಂತು ನೆನಪಿಸಬೇಕಾಗುತ್ತದೆಯೋ? ಹಬ್ಬಕ್ಕೆ ನೆಂಟರು ಹತ್ತು ಜನ ಹೆಚ್ಚು ಬಂದಾಗ ಹೆಚ್ಚಿನ ಕೆಲಸಕ್ಕೆ ಹೆಚ್ಚಿನ ದುಡ್ಡು ಕೊಟ್ಟೆವೋ, ಉಳಿದ ಬಿರಿಯಾನಿ ಕಟ್ಟಿಕೊಟ್ಟು ಲೆಕ್ಕ ಚುಕ್ತಾ ಎಂದುಕೊಂಡೆವೋ? ಆಕೆಗೆ ಜ್ವರ ಬಂದ ದಿನ ಸಂಬಳ ಮುರಿದೆವೋ? ನಮ್ಮ ಮನೆಯ ಶೌಚಾಲಯವನ್ನು ಆಕೆ ತೊಳೆಯಬಹುದು, ಬಳಸಬಾರದು ಎಂಬ ಬರೆಯದ ಕಾನೂನು ನಮ್ಮಲ್ಲೂ ಇದೆಯೋ?

ಹತ್ತು ವರ್ಷ ಪ್ರವಾದಿವರ್ಯರ(ಸ) ಮನೆಯಲ್ಲಿ ಸೇವೆ ಮಾಡಿದ ಅನಸ್(ರ) ಎಂಬ ಹುಡುಗ, ಅಷ್ಟು ವರ್ಷಗಳಲ್ಲಿ ತಮಗೆ ಒಮ್ಮೆಯೂ ಬೇಸರದ ಒಂದು ಸೊಲ್ಲನ್ನು ಅವರು ಆಡಲಿಲ್ಲವೆಂದು ನೆನೆಸಿಕೊಂಡದ್ದು ನಮಗೆ ಗೊತ್ತಿದೆ. ಒಬ್ಬ ಮುಂದಾಳಿಗೆ ಕೈಕೆಳಗಿನವರು ಕೊಡುವ ಸಾಕ್ಷಿಗಿಂತ ದೊಡ್ಡ ಸರ್ಟಿಫಿಕೇಟು ಬೇರೆ ಇಲ್ಲ. ನಮ್ಮ ಮನೆ ಬಿಟ್ಟುಹೋದ ಕೆಲಸದಾಕೆ ಇನ್ನೊಂದು ಮನೆಯಲ್ಲಿ ಕೂತು ನಮ್ಮ ಬಗ್ಗೆ ಏನು ಹೇಳುತ್ತಿರಬಹುದು?

ಇನ್ನೊಂದು ಮಾತು. ಮನೆಯಲ್ಲಿ ತಾಯಿ ಕೆಲಸದಾಕೆಯ ಜೊತೆ ಮಾತಾಡುವ ಧಾಟಿಯನ್ನು ಮಕ್ಕಳು ದಿನಾ ಕೇಳುತ್ತಿರುತ್ತಾರೆ. "ಏ, ಬಾರೇ ಇಲ್ಲಿ" ಎಂದು ಕೇಳಿ ಬೆಳೆದ ಮಗ ನಾಳೆ ಸೂಪರ್‌ವೈಸರ್ ಆದಾಗ ಅದೇ ಧಾಟಿಯಲ್ಲಿ ಇನ್ಯಾರದೋ ಮಗಳನ್ನು ಕರೆಯುತ್ತಾನೆ. "ಅಕ್ಕಾ, ಚಹಾ ಕುಡಿದು ಕೆಲಸ ಶುರು ಮಾಡಿ" ಎಂದು ಕೇಳಿ ಬೆಳೆದ ಮಗಳು ನಾಳೆ ಶಾಲೆಯ ಮುಖ್ಯಸ್ಥೆಯಾದಾಗ ಅಟೆಂಡರ್‌ನ ಜೊತೆಗೂ ಹಾಗೆಯೇ ಮಾತಾಡುತ್ತಾಳೆ. ಮುಂದಾಳತ್ವದ ತರಬೇತಿ ನಗರಗಳ ಹೋಟೆಲುಗಳಲ್ಲಿ ನಡೆಯುವ ಶಿಬಿರಗಳಲ್ಲಿ ಆರಂಭವಾಗುವುದಿಲ್ಲ, ನಮ್ಮ ಹಿತ್ತಲ ಬಾಗಿಲಲ್ಲಿ ಆರಂಭವಾಗುತ್ತದೆ.

ಆದ್ದರಿಂದ ಇಂದು ಸಂಜೆ ಎರಡು ಕೆಲಸ ಮಾಡೋಣ. ದುಡಿದು ಬಂದ ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು "ಅಲ್ಲಿ ನಿನ್ನ ಜೊತೆ ಹೇಗೆ ನಡೆದುಕೊಳ್ತಾರೆ?" ಎಂದು ಕೇಳೋಣ. ಉತ್ತರ ಏನೇ ಬಂದರೂ ಅವಳನ್ನೇ ಬೈಯದೆ ಪೂರ್ತಿ ಕೇಳಿಸಿಕೊಳ್ಳೋಣ. ನಾಳೆ ಬೆಳಿಗ್ಗೆ ನಮ್ಮ ಮನೆಯ ಕೆಲಸದಾಕೆ ಬಂದಾಗ "ನಿಮಗೆ ಇಲ್ಲಿ ಏನಾದರೂ ತೊಂದರೆ ಇದೆಯಾ?" ಎಂದು ಆಕೆಯನ್ನೂ ಕೇಳೋಣ.

ಮೊದಲ ದಿನ ಆಕೆ "ಏನಿಲ್ಲಮ್ಮಾ" ಎನ್ನಬಹುದು. ಮತ್ತೆ ಕೇಳಿ. ಹೆದರಿಕೆ ಒಂದೇ ದಿನದಲ್ಲಿ ಹೋಗುವುದಿಲ್ಲ. ಆಕೆ ಒಂದು ದಿನ ಬಾಯಿಬಿಟ್ಟು ತನ್ನ ತೊಂದರೆ ಹೇಳಿಕೊಂಡರೆ, ಆವತ್ತು ನಿಮ್ಮ ಮನೆ ಒಳ್ಳೆಯ ಕೆಲಸದ ಜಾಗವಾಯಿತೆಂದು ತಿಳಿಯಿರಿ.